ನಮ್ಮ ಭಾಗದ ಬ್ಯಾಟಿ ನಾಯಿ ಮತ್ತು ಮರಿ ಸಾಕಣೆಯ ಇತಿಹಾಸ



ನಮ್ಮ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ತಾಕೀತು ಮಾಡಿದರು. ಸಂಘದ ಹುಟ್ಟು, ಬೆಳವಣಿಗೆ, ಠೇವು, ಸಾಲ, ವಸೂಲಿ ಇವುಗಳ ಬಗ್ಗೆ ಬರೆಯಲು ನಮಗಿಂತ ಬಲ್ಲವರಿದ್ದಾರೆ, ನಾವು ಬೇರೆ ವಿಷಯ ಬರೆಯುತ್ತೇವೆ ಎಂದೆವು. ಯಾವುದು ಎಂದು ಕೇಳಿದರು. ನಾಯಿಯ ವಿಷಯ ಎಂದಾಗ ಮೀಟಿಂಗಿನಲ್ಲಿದ್ದವರೆಲ್ಲ ನಕ್ಕರು.

ನಗುವಂಥ ಮಾತಲ್ಲ. ನಮ್ಮ ಸದಸ್ಯರೊಳಗೆ ಹೊಲವೇ ಇಲ್ಲದವರು, ಅರ್ಧ ಎಕರೆ, ಒಂದು ಎಕರೆಯವರು ಎಷ್ಟೋ ಮಂದಿ ಇದ್ದಾರೆ. ಹೆಣ್ಣು ನಾಯಿಯ ಒಂದು ಸೂಲಿನ ಮರಿಗಳನ್ನು ಮಾರಿ ಮಗನ ಕಾಲೇಜಿನ ಫೀ ಕಟ್ಟಿದವರು, ನಮ್ಮ ಸಂಘದ ಸಾಲದ ಕಂತು ತುಂಬಿದವರು ಇದೇ ಊರಿನಲ್ಲಿದ್ದಾರೆ. ಎಮ್ಮೆಗೆ ಸಾಲ ಕೊಡುವಾಗ ಎಮ್ಮೆಯ ಹಲ್ಲು ನೋಡುತ್ತೇವೆ, ಹಾಲು ಕೇಳುತ್ತೇವೆ, ದಫ್ತರದಲ್ಲಿ ಬರೆದುಕೊಳ್ಳುತ್ತೇವೆ. ನಾಯಿಯ ಸುದ್ದಿ ಮಾತ್ರ ಯಾವ ದಫ್ತರದಲ್ಲೂ ಇಲ್ಲ. ಬೇಟೆಗೆಂದೇ ಮರಿಯನ್ನು ಕೈಯಾರೆ ತಯಾರು ಮಾಡಿ ಬಲ್ಲ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರಿಂದ ಕೇಳಿದ್ದನ್ನು, ನಮ್ಮ ಮನೆಯಲ್ಲಿ ಕಂಡದ್ದನ್ನು ಬರೆದಿಡೋಣ ಎಂದು ಕುಳಿತಿದ್ದೇವೆ. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಭಾಷೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಓದುಗರು ಸರಿಮಾಡಿಕೊಂಡು ಓದಬೇಕು.

ಹೊರಗಿನವರು ಮುಧೋಳ ಹೌಂಡ್ ಎನ್ನುತ್ತಾರೆ. ಮಹಾರಾಷ್ಟ್ರದ ಕಡೆ ಕಾರವಾನ ಎಂಬ ಹೆಸರು ರೂಢಿ. ದೇಶದ ಎರಡು ಶ್ವಾನ ಸಂಸ್ಥೆಗಳಲ್ಲಿ ಒಂದು ಇದನ್ನು ಕಾರವಾನ ಹೌಂಡ್ ಎಂದೂ ಇನ್ನೊಂದು ಮುಧೋಳ ಹೌಂಡ್ ಎಂದೂ ನೋಂದಾಯಿಸಿಕೊಳ್ಳುತ್ತದೆ. ನಮ್ಮ ಊರಲ್ಲಿ ಇವೆರಡೂ ಇರಲಿಲ್ಲ, ಬರೀ ಬ್ಯಾಟಿ ನಾಯಿ. ಮೈಗೂದಲು ಗಿಡ್ಡ ಇರುವುದು ಸಾಮಾನ್ಯ. ಕಿವಿ, ಬಾಲ, ಕಾಲಿನ ಹಿಂಬದಿಯಲ್ಲಿ ರೇಷ್ಮೆಯಂಥ ಉದ್ದ ಕೂದಲು ಇದ್ದರೆ ಅದಕ್ಕೆ ಪಶ್ಮಿ ಅಂತಾರೆ. ಗಂಡು ನಾಯಿ ಭುಜದ ಹತ್ತಿರ ಸುಮಾರು 70 ಸೆಂ.ಮೀ. ಎತ್ತರ, ಹೆಣ್ಣು ಅದಕ್ಕಿಂತ ನಾಲ್ಕು ಬೆರಳು ಕಡಿಮೆ. ಉದ್ದ ಮುಖ, ಆಳವಾದ ಎದೆ, ಮುಷ್ಟಿಯಲ್ಲಿ ಹಿಡಿಯುವಂಥ ನಡು. ಹೊಸಬರು ಕಂಡರೆ ಇದಕ್ಕೆ ಕೂಳು ಹಾಕಿಲ್ಲ ಅಂತ ತಿಳಿಯುತ್ತಾರೆ.

ಅರಬಸ್ತಾನದ ಸಲೂಕಿ ಎಂಬ ಬೇಟೆ ನಾಯಿಯ ಚಿತ್ರ ನೋಡಿದರೆ ನಮ್ಮ ಪಶ್ಮಿಯ ಅಣ್ಣತಮ್ಮಂದಿರಂತೆ ಕಾಣುತ್ತದೆ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಕಡೆಯಿಂದ ದಖ್ಖಣಕ್ಕೆ ಬಂದ ವ್ಯಾಪಾರಿಗಳ ಮತ್ತು ಸೈನಿಕರ ತಂಡಗಳ ಜೊತೆ ಈ ಜಾತಿ ಬಂತು, ಕಾರವಾನ ಎಂಬ ಹೆಸರೇ ಅದಕ್ಕೆ ಸಾಕ್ಷಿ ಎಂದು ತಿಳಿದವರು ಹೇಳುತ್ತಾರೆ. ಶಿವಾಜಿ ಮಹಾರಾಜರ ದಂಡಿನಲ್ಲಿ ಈ ನಾಯಿಗಳಿದ್ದವು ಎಂದು ಭಾಷಣದಲ್ಲಿ ಹೇಳುವವರುಂಟು. ಕಾಗದ ತೋರಿಸಿದವರನ್ನು ನಾವು ಕಂಡಿಲ್ಲ. ಎಲ್ಲಿಂದಲೇ ಬಂದಿರಲಿ, ಇಲ್ಲಿ ಬೆಳೆದದ್ದು ಮಾತ್ರ ಈ ನೆಲದ ಗುಣದಿಂದ ಎಂಬುದು ನಮ್ಮ ಅಭಿಪ್ರಾಯ.

ಈ ನೆಲ ಎಂದರೆ ಯಾವುದು? ಈಗಿನ ಹುಡುಗರಿಗೆ ಮುಧೋಳ ತಾಲೂಕು ಅಂದರೆ ಕಬ್ಬು, ಕಾರ್ಖಾನೆ, ಟ್ರ್ಯಾಕ್ಟರಿನ ಸಾಲು. ನಮ್ಮ ಅಜ್ಜಂದಿರ ಕಾಲಕ್ಕೆ ಹೊಳಿ ದಂಡಿ ಬಿಟ್ಟರೆ ಉಳಿದದ್ದೆಲ್ಲ ಮಳೆ ನಂಬಿದ ಎರಿ ಹೊಲ ಮತ್ತು ಮಡ್ಡಿ. ಹಿಂಗಾರಿ ಬಿಳಿಜೋಳ ಕಿತ್ತು ಕಣ ಮುಗಿದ ಮ್ಯಾಲೆ ಕಣ್ಣು ಹಾಯಿಸಿದಷ್ಟು ದೂರ ಬಯಲೇ ಬಯಲು. ನಡುನಡುವೆ ಹಳ್ಳದ ದಂಡೆಯ ಜಾಲಿ ಕಂಟಿ, ಬದುವಿನ ಹುಲ್ಲು. ಅಲ್ಲಿ ಮೊಲ. ಯುಗಾದಿ ಹೊತ್ತಿನ ಆ ಬಯಲಿನಲ್ಲಿ ಮೊಲ ಎದ್ದರೆ ಅದಕ್ಕೆ ಕಾಲು ಬಿಟ್ಟರೆ ಬೇರೆ ಗತಿ ಇಲ್ಲ. ನಾಯಿಗೂ ಅಷ್ಟೆ. ಈ ನಾಯಿ ಮೂಸಿ ಹುಡುಕುವ ಜಾತಿಯಲ್ಲ, ಕಂಡು ಓಡುವ ಜಾತಿ. ಕಣ್ಣಿಗೆ ಬಿದ್ದ ಮೊಲವನ್ನು ಬಿಡುವುದಿಲ್ಲ. ಕಂಟಿಯೊಳಗೆ ಹೋಗಿ ಮರೆಯಾಯಿತೋ, ನಿಂತು ತಲೆ ಎತ್ತಿ ನೋಡುತ್ತದೆ, ಅಷ್ಟೇ.

ಆದ್ದರಿಂದ ಬೇಟೆಗೆ ಬರೀ ಬ್ಯಾಟಿ ನಾಯಿ ಸಾಲುತ್ತಿರಲಿಲ್ಲ. ಕಂಟಿಯನ್ನು ಬಡಿಗೆಯಿಂದ ಬಡಿಯುವ ನಾಲ್ಕಾರು ಹುಡುಗರು ಬೇಕು. ಅವರ ಜೊತೆ ಮುಳ್ಳಿಗೆ ಅಂಜದೆ ನುಗ್ಗುವ ಒಂದು ಗಿಡ್ಡ ಊರ ನಾಯಿಯನ್ನೂ ಕರೆದೊಯ್ಯುತ್ತಿದ್ದರು. ಅದಕ್ಕೆ ಮರ್ಯಾದೆಯೂ ಇರಲಿಲ್ಲ, ಹೆಸರೂ ಇರಲಿಲ್ಲ, ಆದರೆ ಅದಿಲ್ಲದೆ ಮೊಲ ಏಳುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆಂದೇ ಟೆರಿಯರ್ ಎಂಬ ಸಣ್ಣ ಜಾತಿಗಳನ್ನು ತಯಾರು ಮಾಡಿಕೊಂಡರು. ಪೊದೆ, ಬಿಲ ಯಾವುದೂ ನೋಡದೆ ಒಳಗೆ ಹೋಗಿ ನರಿಯನ್ನು ಹೊರಡಿಸುವ ನಾಯಿ ಅದು. ಭೂಮಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದರ ಹೆಸರು ಬಂದಿದೆ. ಜಾನ್ ರಸೆಲ್ ಎಂಬ ಪಾದ್ರಿ 1819ರಲ್ಲಿ ಒಂದು ಹೆಣ್ಣು ನಾಯಿ ಕೊಂಡು ಬೆಳೆಸಿದ ಸಂತತಿ ಇಂದು ಅವನ ಹೆಸರಿನಿಂದಲೇ ಜಗತ್ತಿನಾದ್ಯಂತ ನಡೆಯುತ್ತದೆ. ನಮ್ಮವರು ಕಂಟಿ ಹೊಕ್ಕ ನಾಯಿಗೆ ಅರ್ಧ ರೊಟ್ಟಿ ಹಾಕಿ ಕಳಿಸಿದರು, ಸಂತತಿ ಕಾಯಲಿಲ್ಲ. ಓಡುವ ನಾಯಿಯ ಸಂತತಿಯನ್ನು ಮಾತ್ರ ಕಾಯ್ದರು. ಕಾಯ್ದವರು ಯಾರು ಎಂಬುದನ್ನು ಮುಂದೆ ನೋಡೋಣ.

ನಮ್ಮ ತಾಲೂಕಿನ ಹಲಗಲಿಯ ಹೆಸರು ಲಾವಣಿಯಿಂದ ಎಲ್ಲರಿಗೂ ಗೊತ್ತು. 1857ರಲ್ಲಿ ಇಂಗ್ರೇಜಿ ಸರಕಾರ ಜನರ ಹತ್ಯಾರ ಕಸಿದುಕೊಳ್ಳುವ ಕಾಯ್ದೆ ತಂದಾಗ ಹಲಗಲಿಯ ಬೇಡರು ಕೊಡುವುದಿಲ್ಲ ಎಂದು ನಿಂತರು. ನವೆಂಬರ ತಿಂಗಳ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರದಲ್ಲಿ ಮುಧೋಳದ ಸಂತೆಯ ದಿನ ಹಲವರನ್ನು ನೇಣಿಗೆ ಹಾಕಿದರು. ಬೇಟೆಯೇ ಬದುಕಾದವರಿಂದ ಕತ್ತಿ, ಕೋವಿ ಹೋದ ಮೇಲೆ ಉಳಿದದ್ದು ಬಡಿಗೆ, ಬಲೆ ಮತ್ತು ನಾಯಿ. ಹತ್ಯಾರದ ಕಾಯ್ದೆಯಲ್ಲಿ ನಾಯಿ ಬರುವುದಿಲ್ಲವಲ್ಲ! ಈ ಭಾಗದಲ್ಲಿ ನಾಯಿಯ ಮೇಲೆ ಅಷ್ಟು ಜೀವ ಇಟ್ಟದ್ದಕ್ಕೆ ಇದೂ ಒಂದು ಕಾರಣ ಇದ್ದೀತು ಎಂದು ನಮ್ಮ ಲೆಕ್ಕ. ಬೇಡ ಸಮಾಜದ ಹಿರಿಯರೊಬ್ಬರ ಮುಂದೆ ಈ ಮಾತು ಆಡಿದಾಗ ಅವರು ಹೇಳಿದ್ದಿಷ್ಟೆ: “ತಮ್ಮಾ, ಕತ್ತಿ ಮಾರಿದ್ರ ಮತ್ತೊಂದು ಮಾಡಸಬಹುದು. ನಾಯಿ ಸಂತಾನ ಮುರೀತಂದ್ರ ಎಲ್ಲಿಂದ ತರತಿ?”

ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ 1900ರಿಂದ 1937ರವರೆಗೆ ಆಳಿದರು. ತಮ್ಮ ಸೀಮೆಯ ಬೇಡರ ಹತ್ತಿರ ಇದ್ದ ಈ ನಾಯಿಗಳನ್ನು ಕಂಡು ಮೆಚ್ಚಿ, ಆಯ್ದು ಅರಮನೆಯಲ್ಲಿ ಸಾಕಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಒಂದು ಜೋಡಿ ಕಾಣಿಕೆ ಕೊಟ್ಟದ್ದೂ, ಅಂದಿನಿಂದ ಮುಧೋಳ ಹೌಂಡ್ ಎಂಬ ಹೆಸರು ಬಿದ್ದದ್ದೂ ಪ್ರಸಿದ್ಧ ಸಂಗತಿ. ಈ ಕಾಣಿಕೆ 1937ರಲ್ಲಿ ಕೊಟ್ಟದ್ದು ಎಂದು ಹಲವು ಕಡೆ ಅಚ್ಚಾಗಿದೆ. ಐದನೆಯ ಜಾರ್ಜರು 1936ರ ಜನೇವರಿಯಲ್ಲೇ ತೀರಿಕೊಂಡಿದ್ದರು, ಆದ್ದರಿಂದ ಆ ಇಸವಿ ಸರಿಯಲ್ಲ. ಮಹಾರಾಜರ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅರಮನೆಗೆ ಹೋಗುವ ಮೊದಲು ಆ ನಾಯಿಗಳು ಗುಡಿಸಲಿನಲ್ಲಿದ್ದವು. ಅರಮನೆ ಹೋದ ಮೇಲೂ ಗುಡಿಸಲಿನಲ್ಲೇ ಉಳಿದವು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಮುಂದಿನ 50-60 ವರ್ಷ ಈ ಸಂತಾನ ಕಾಯ್ದವರು ಕೂಲಿಕಾರರು, ಸಣ್ಣ ಒಕ್ಕಲಿಗರು, ಕುರಿ ಕಾಯುವವರು.

ಇನ್ನು ಮರಿ ಸಾಕಣೆಯ ವಿಷಯ. ಇದನ್ನು ವಿಸ್ತಾರವಾಗಿ ಬರೆಯುತ್ತೇವೆ, ಏಕೆಂದರೆ ಬೇಟೆಯ ಬಡಾಯಿ ಹೇಳುವವರು ಬಹಳ, ಮರಿ ಬೆಳೆಸಿದ ಬಗೆ ಹೇಳುವವರು ಕಡಿಮೆ. ಖರೆ ಹೇಳಬೇಕೆಂದರೆ ಮೊಲ ತಂದವರು ಗಂಡಸರು, ನಾಯಿ ಮಾಡಿದವರು ಹೆಂಗಸರು. ನಮ್ಮ ಅವ್ವ ಎಮ್ಮಿ ಹಿಂಡಿ ಬಂದು ಮೊದಲು ಮರಿಯ ಪರಟಿಗೆ ಹಾಲು ಹೊಯ್ದು ಆಮೇಲೆ ಚಹಾಕ್ಕೆ ಇಡುತ್ತಿದ್ದಳು.

ಮರಿ ಆರಿಸುವಾಗ ಹಿರಿಯರು ಮೊದಲು ತಾಯಿಯನ್ನು ನೋಡುತ್ತಿದ್ದರು. ತಂದೆ ಹೆಸರುವಾಸಿ ಇದ್ದರೂ ತಾಯಿ ಅಂಜುಬುರುಕಿಯಾಗಿದ್ದರೆ ಆ ಸೂಲಿನ ಮರಿ ಒಯ್ಯುತ್ತಿರಲಿಲ್ಲ, ತಾಯಿಯ ಅಂಜಿಕೆ ಮೊಲೆಹಾಲಿನ ಸಂಗಡ ಇಳಿಯುತ್ತದೆ ಎನ್ನುತ್ತಿದ್ದರು. ಹುಟ್ಟಿ 10-14 ದಿನಕ್ಕೆ ಕಣ್ಣು ಬಿಡುತ್ತವೆ. ತಿಂಗಳಾದ ಮೇಲೆ ಮರಿಗಳು ಕತ್ತಲೆ ಮೂಲೆಯಿಂದ ತಾವೇ ಹೊರಗೆ ಬರತೊಡಗುತ್ತವೆ. ಆಗ ಹೋಗಿ ಕೂತು ನೋಡಬೇಕು. ತಾಟು ಬಡಿದು ಸಪ್ಪಳ ಮಾಡಿದರೆ ಎಲ್ಲ ಮರಿಗಳೂ ಓಡುತ್ತವೆ. ಓಡಿಹೋಗಿ, ತಿರುಗಿ ನಿಂತು, ಏನದು ಎಂದು ನೋಡುವ ಮರಿಯನ್ನು ಆರಿಸುತ್ತಿದ್ದರು. ದಪ್ಪ ಮರಿಗೆ ಆಸೆಪಡುತ್ತಿರಲಿಲ್ಲ. ದಪ್ಪ ಮರಿ ಎಂದರೆ ಹೆಚ್ಚು ಹಾಲಿನ ಮೊಲೆ ಹಿಡಿದ ಮರಿ, ಅಷ್ಟೇ ಅದರ ಹೆಚ್ಚುಗಾರಿಕೆ. ಒಂದೂವರೆ ತಿಂಗಳು ತುಂಬುವವರೆಗೆ ತಾಯಿಯಿಂದ ಬಿಡಿಸುತ್ತಿರಲಿಲ್ಲ. ಅಣ್ಣತಮ್ಮಂದಿರ ಕೂಡ ಕಚ್ಚಾಡಿ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದು ಆ ದಿನಗಳಲ್ಲೇ.

ಮನೆಗೆ ತಂದ ಮರಿಗೆ ನೀರು ಬೆರೆಸಿದ ಹಾಲು, ಜೋಳದ ನುಚ್ಚಿನ ತೆಳ್ಳನೆ ಅಂಬಲಿ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳಿಗೆ ಮೂರು ಸಲ, ವರ್ಷ ತುಂಬಿದ ಮೇಲೆ ಎರಡೇ ಸಲ. ಅನುಕೂಲ ಇದ್ದವರು ತತ್ತಿ ಹಾಕುತ್ತಿದ್ದರು. ಬೇಟೆ ಇದ್ದ ಕಾಲಕ್ಕೆ ಮಾಂಸದಲ್ಲಿ ನಾಯಿಗೂ ಒಂದು ಪಾಲು ಇತ್ತು, ಮಾಲಕನ ಪಾಲು ಹಂಚುವಾಗಲೇ ಅದನ್ನೂ ಎತ್ತಿಡುವ ರೂಢಿ. ಉಪ್ಪು ಖಾರದ ಸಾರು ಹಾಕಬಾರದು ಎಂಬುದು ಹಿರಿಯರಿಗೂ ಗೊತ್ತಿತ್ತು. ಉಳ್ಳಾಗಡ್ಡಿಯೂ ದ್ರಾಕ್ಷಿಯೂ ನಾಯಿಗೆ ವಿಷ ಎಂಬುದನ್ನು ನಾವು ಈಚೆಗೆ ಪಶುವೈದ್ಯರಿಂದ ತಿಳಿದೆವು. ನಮ್ಮ ಕಡೆ ಎರಡೂ ಬೆಳೆಯುವುದರಿಂದ ಎಲ್ಲರೂ ಇದನ್ನು ನೆನಪಿಡಬೇಕು.

ಮಲಗಲು ಮಣ್ಣಿನ ನೆಲ, ಮೇಲೆ ಗೋಣಿಚೀಲ. ಈಗ ಟೈಲ್ಸ್ ಹಾಕಿದ ಮನೆಯಲ್ಲಿ ಬೆಳೆದ ಮರಿಗಳ ಕಾಲು ಜಾರಿ ಜಾರಿ ಸೊಟ್ಟಗಾಗುವುದನ್ನು ನೋಡುತ್ತಿದ್ದೇವೆ. ಕಬ್ಬಿಣದ ಸರಪಳಿ ಹಾಕುತ್ತಿರಲಿಲ್ಲ. ಈ ಜಾತಿಯ ಕುತ್ತಿಗೆ ಉದ್ದ, ತಲೆ ಸಣ್ಣದು, ಸಾದಾ ಪಟ್ಟಿ ಹಾಕಿದರೆ ತಲೆ ತಗ್ಗಿಸಿ ಹಿಂದಕ್ಕೆ ಜಗ್ಗಿ ಕಳಚಿಕೊಂಡು ಹೋಗುತ್ತದೆ. ಅದಕ್ಕೇ ನಾಲ್ಕು ಬೆರಳು ಅಗಲದ ಬಟ್ಟೆಯ ಇಲ್ಲವೆ ಮೆತ್ತನೆ ತೊಗಲಿನ ಪಟ್ಟಿ. ಹಳೇ ಸೀರೆ ಹೊಸೆದು ಮಾಡಿದ ಹಗ್ಗ. ಕಟ್ಟುವುದೂ ರಾತ್ರಿ ಮಾತ್ರ. ಕಟ್ಟಿ ಬೆಳೆಸಿದ ನಾಯಿಗೆ ಎದೆ ಬರುವುದಿಲ್ಲ ಎಂಬುದು ಮಾತು.

ಮೂರು ತಿಂಗಳಾದಾಗ ಮರಿ ಎತ್ತಿನ ಹಿಂದೆ ಹೊಲಕ್ಕೆ ಹೋಗಬೇಕು. ಇದೇ ಅದರ ಶಾಲೆ. ಬದು ಹಾರುವುದು, ಹಳ್ಳದ ನೀರು ದಾಟುವುದು, ಹಾವು ಕಂಡರೆ ದೂರ ನಿಲ್ಲುವುದು, ಎತ್ತಿನ ಕಾಲಿಗೆ ಸಿಗದಂತೆ ನಡೆಯುವುದು ಎಲ್ಲ ಅಲ್ಲಿ. ಎಲ್ಲಕ್ಕಿಂತ ಮುಖ್ಯ ಕೋಳಿ ಮತ್ತು ಕುರಿ. ಕೋಳಿ ಬೆನ್ನು ಹತ್ತಿದ ದಿನವೇ ಗದರಿಸಬೇಕು, ನಾಳೆ ಎನ್ನಬಾರದು. ಹೊಲಕ್ಕೆ ಕುರಿ ತರುಬಿದಾಗ ಮರಿಯನ್ನು ಹಗ್ಗದಲ್ಲಿ ಹಿಡಿದು ಹಿಂಡಿನ ಹತ್ತಿರ ಕೂಡಿಸುತ್ತಿದ್ದರು, ಕುರಿಯ ವಾಸನೆ, ಸಪ್ಪಳ ಸಾಕು ಸಾಕು ಅನ್ನುವವರೆಗೆ. ಕುರಿ ಹಿಡಿದ ನಾಯಿ ಎಷ್ಟೇ ಓಡಲಿ, ಆ ನಾಯಿ ಊರಲ್ಲಿ ಉಳಿಯುತ್ತಿರಲಿಲ್ಲ. ಹೊಡೆಯುವುದು ಮಾತ್ರ ಕೂಡದು. ಈ ಜಾತಿ ಬಹಳ ಅಭಿಮಾನದ್ದು. ಒಮ್ಮೆ ಹೊಡೆದರೆ ಮೂರು ದಿನ ಮುಖ ತೋರಿಸುವುದಿಲ್ಲ, ನಾಲ್ಕನೆಯ ದಿನ ಕರೆದಾಗ ಬರುವುದನ್ನೇ ಬಿಡುತ್ತದೆ.

ಐದಾರು ತಿಂಗಳಿಗೆ ಮೊಲದ ಒಣ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಒಬ್ಬ ಹುಡುಗ ಎಳೆಯುತ್ತಾ ಓಡುವುದು, ಮರಿಯನ್ನು ಬಿಡುವುದು. ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಮರಿಗೆ ಇನ್ನೂ ಆಸೆ ಇದ್ದಾಗಲೇ ಆಟ ನಿಲ್ಲಿಸಬೇಕು, ಬೇಸರ ಬಂದ ಮೇಲಲ್ಲ. ಮರಿ ಚರ್ಮ ಹಿಡಿದಾಗ ಕಸಿದುಕೊಳ್ಳಬಾರದು. ಹೆಸರು ಹಿಡಿದು ಕರೆದು, ಕೈಯಲ್ಲಿ ರೊಟ್ಟಿ ತೋರಿಸಿ, ತಾನೇ ತಂದುಕೊಡುವಂತೆ ಮಾಡಬೇಕು. ಇಲ್ಲಿ ಆ ಹಿರಿಯರ ಇನ್ನೊಂದು ಮಾತು ಬರೆಯಲೇಬೇಕು. ಆಗ ನಮಗೆ 14-15 ವಯಸ್ಸು. ಅಜ್ಜಾರ, ನಾಯಿಗೆ ಓಡೂದು ಹ್ಯಾಂಗ ಕಲಸತೀರಿ ಎಂದು ಕೇಳಿದ್ದೆವು. “ಏ ಹುಚ್ಚಪ್ಪಾ, ಓಡೂದು ಅವರಪ್ಪ ಕಲಿಸಿರತಾನ. ನಾವು ಕಲಸೂದು ನಿಲ್ಲೂದಷ್ಟ,” ಎಂದರು. ಸಿಳ್ಳೆಗೆ ನಿಲ್ಲದ, ಕರೆದರೆ ತಿರುಗದ ನಾಯಿಯನ್ನು ಅವರು ಎಂದೂ ಬಯಲಿಗೆ ಬಿಡಲಿಲ್ಲ.

ವರ್ಷ ತುಂಬುವವರೆಗೆ ಜೋರಿನ ಓಟ ಇಲ್ಲ. ಕಾಲು ಹಸಿ ಇರತಾವ ಎನ್ನುತ್ತಿದ್ದರು. ಎಲುಬಿನ ಬೆಳೆಯುವ ತುದಿಗಳು ಗಟ್ಟಿಯಾಗಲು ಒಂದು ವರ್ಷದ ಮೇಲೇ ಹಿಡಿಯುತ್ತದೆ ಎಂದು ಈಗ ಡಾಕ್ಟರರೂ ಅದನ್ನೇ ಹೇಳುತ್ತಾರೆ. ಕಂಟಿಯ ಹತ್ತಿರವಂತೂ ಎಳೆ ನಾಯಿಯನ್ನು ಬಿಡುತ್ತಲೇ ಇರಲಿಲ್ಲ. ಇದರ ತೊಗಲು ತೆಳು, ಮೈಯಲ್ಲಿ ಕೊಬ್ಬಿಲ್ಲ. ಜಾಲಿ ಮುಳ್ಳು ತಾಗಿದರೆ ಹಳೇ ಧೋತರದಂತೆ ಹರಿಯುತ್ತದೆ, ಕಣ್ಣಿಗೆ ಬಡಿದರೆ ನಾಯಿಯೇ ಹೋಯಿತು. ಆದ್ದರಿಂದ ಬಡಿಗೆಯವರು ಕಂಟಿ ಬಡಿಯುವಾಗ ಎಳೆ ನಾಯಿಯನ್ನು ಪಟ್ಟಿ ಹಿಡಿದು ದೂರ ಬಯಲಲ್ಲಿ ನಿಲ್ಲಿಸುವುದು, ಪಕ್ಕದಲ್ಲಿ ಒಂದು ಹಳೇ ಹೆಣ್ಣು ನಾಯಿ. ಮೊಲ ಕಂಟಿ ಬಿಟ್ಟು ಹತ್ತು ಮಾರು ಬಂದ ಮೇಲೆ ಮೊದಲು ಹಳೆಯದನ್ನು ಬಿಟ್ಟು, ಅದರ ಹಿಂದೆ ಎಳೆಯದನ್ನು ಬಿಡುತ್ತಿದ್ದರು. ಮೊಲ ನೆಟ್ಟಗೆ ಓಡುವುದಿಲ್ಲ, ಗಕ್ಕನೆ ತಿರುಗುತ್ತದೆ. ಎಳೆ ನಾಯಿ ಮುಂದೆ ಜಾರಿ ಹೋಗುತ್ತದೆ, ಹಳೆಯದು ತಿರುವನ್ನು ಮೊದಲೇ ಅಂದಾಜು ಮಾಡಿ ಅಡ್ಡ ಬರುತ್ತದೆ. ನಾಲ್ಕಾರು ಸಲ ಮಣ್ಣು ಮುಕ್ಕಿದ ಮೇಲೆ ಎಳೆಯದಕ್ಕೂ ಬುದ್ಧಿ ಬರುತ್ತದೆ. ಓಡಿ ಬಂದ ನಾಯಿಗೆ ಉಸಿರು ಇಳಿಯುವವರೆಗೆ ಹೊಟ್ಟೆತುಂಬ ನೀರೂ ಇಲ್ಲ, ಕೂಳೂ ಇಲ್ಲ. ಎದೆ ಆಳ ಇರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ರೋಗ ಇದೆ, ತಾಸುಗಳಲ್ಲಿ ಸಾಯುತ್ತವೆ.

ಹಿರಿಯರು ಮಾಡಿದ್ದೆಲ್ಲ ಸರಿ ಎಂದು ನಾವು ಹೇಳುವುದಿಲ್ಲ. ಬೇಟೆಯ ಹಿಂದಿನ ದಿನ ನಾಯಿಯನ್ನು ಉಪವಾಸ ಕೆಡವುವವರಿದ್ದರು. ಯಾವ ರೋಗ ಬಂದರೂ ಕಾಯಿಸಿದ ಕುಡುಗೋಲಿನಿಂದ ಬರೆ ಹಾಕುವುದಿತ್ತು. ಅದು ಔಷಧವಲ್ಲ, ಹಿಂಸೆ. ಮರಿಗಳು ರಕ್ತ ಭೇದಿಯಾಗಿ ಎರಡು ದಿನದಲ್ಲಿ ಸಾಲಾಗಿ ಸತ್ತರೆ ದೃಷ್ಟಿ ತಾಗಿತು ಅನ್ನುತ್ತಿದ್ದರು. ಅದರಲ್ಲಿ ಬಹಳಷ್ಟು ಪಾರ್ವೋ ಎಂಬ ರೋಗ, ಜಗತ್ತಿಗೇ 1978ರಲ್ಲಿ ಹೊಸದಾಗಿ ಬಂದದ್ದು. ಲಸಿಕೆ ಇದೆ. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಮೂರು-ನಾಲ್ಕು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಜಂತಿನ ಔಷಧ ಎರಡು ವಾರದ ಮರಿಯಿಂದಲೇ ಶುರು. ಇನ್ನೊಂದು ಮಾತು. ಈ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಮತ್ತಿನ ಔಷಧ ಬೇಗ ಇಳಿಯುವುದಿಲ್ಲ. ಆಪರೇಶನ್ ಮಾಡಿಸುವಾಗ ಇದು ಬೇಟೆ ಜಾತಿ ಎಂದು ಡಾಕ್ಟರರಿಗೆ ಮೊದಲೇ ಹೇಳಬೇಕು.

ಇಷ್ಟು ಓದಿ ಯಾರೂ ನಾಳೆ ನಾಯಿ ಹಿಡಿದು ಮಡ್ಡಿಗೆ ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲವೂ ಸೇರಿದೆ. ಮೊದಲು ಸಣ್ಣ ಬೇಟೆಗೆ ಲೈಸೆನ್ಸ್ ಎಂಬ ದಾರಿ ಇತ್ತು, 1991ರ ತಿದ್ದುಪಡಿಯಿಂದ ಅದೂ ಮುಚ್ಚಿತು. ನಾಯಿ ಬಿಟ್ಟು ಮೊಲ ಹಿಡಿದರೂ ಶಿಕ್ಷೆ ಆಗುತ್ತದೆ. ನಮ್ಮಲ್ಲಿ ಮಾತ್ರ ಹೀಗೆ ಎಂದು ಗೊಣಗುವವರು ತಿಳಿಯಬೇಕು, ಟೆರಿಯರ್ ಹುಟ್ಟಿದ ಇಂಗ್ಲೆಂಡಿನಲ್ಲೇ 2004ರಲ್ಲಿ ನಾಯಿ ಬಿಟ್ಟು ಬೇಟೆಯಾಡುವುದನ್ನು ಕಾಯ್ದೆಯಿಂದ ನಿಲ್ಲಿಸಿದರು. ನಮ್ಮ ಮುಧೋಳ ಮತ್ತು ಬೀಳಗಿ ತಾಲೂಕಿಗೆ ಸೇರಿದ ಯಡಹಳ್ಳಿ ಕಾಡು 2016ರಿಂದ ಚಿಂಕಾರ ವನ್ಯಧಾಮ. ಆ ಕಡೆ ನಾಯಿಯನ್ನು ಬಿಡಿಬೀಸಾಗಿ ಬಿಡುವುದು ತಪ್ಪು ಎಂದು ನಾವು ಕಟುವಾಗಿಯೇ ಬರೆಯುತ್ತೇವೆ. ಚಿಂಕಾರ ಹೋದರೆ ಮರಿ ಎಲ್ಲಿಂದ ತರುವುದು ಎಂದು ಆ ಅಜ್ಜನ ಮಾತನ್ನೇ ತಿರುಗಿಸಿ ಕೇಳಬಹುದು.

ಕಾಯ್ದೆಗಿಂತ ಮೊದಲೇ ಬಯಲು ಹೋಗಿತ್ತು ಎಂಬುದೂ ಇತಿಹಾಸವೇ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಬಂತು, ಬಾವಿಗೆ ಪಂಪು ಬಂತು, ಬೋರು ಬಂತು, ಜೋಳದ ಹೊಲ ಕಬ್ಬಿನ ಪಡ ಆಯಿತು. ನೀರು ನಮ್ಮ ಹೊಟ್ಟೆ ತುಂಬಿಸಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಬ್ಬಿನ ಪಡ ಎಂದರೆ ಹತ್ತು ಹನ್ನೆರಡು ತಿಂಗಳು ನಿಂತ ದೊಡ್ಡ ಕಂಟಿ ಇದ್ದಂತೆ. ಕಂಡು ಓಡುವ ನಾಯಿಗೆ ಅಲ್ಲಿ ಕಾಣುವುದೇನು? ರವದಿ ಕೊಯ್ದು ಮುಖವೆಲ್ಲ ಗಾಯ. ಇಂದು ಊರ ಸುತ್ತ ಒಂದು ನಾಯಿ ಮೈಬಿಚ್ಚಿ ಓಡುವಷ್ಟು ಜಾಗ ಕಬ್ಬು ಕಡಿದ ಮೇಲೆ ಒಂದೆರಡು ವಾರ ಸಿಕ್ಕರೆ ಸಿಕ್ಕಿತು.

ಅದೇ ಹೊತ್ತಿಗೆ ನಾಯಿಯ ಹೆಸರು ಮಾತ್ರ ಬೆಳೆಯಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ನಮ್ಮದೂ ಒಂದಾಗಿತ್ತು. 2009-10ರ ಸುಮಾರಿಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ನಮ್ಮ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತೆರೆದರು. 2016ರಲ್ಲಿ ಸೈನ್ಯದವರು ಮೀರತ್ತಿನಲ್ಲಿ ತರಬೇತಿಗೆ ಮರಿಗಳನ್ನು ತೆಗೆದುಕೊಂಡರು. 2020ರ ಆಗಸ್ಟದಲ್ಲಿ ಪ್ರಧಾನ ಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದರು. ಮರುದಿನದಿಂದ ನಮ್ಮ ಊರಿಗೆ ಬೆಂಗಳೂರು, ಪುಣೆಯ ಕಾರುಗಳು ಬರಹತ್ತಿದವು.

ರೊಕ್ಕ ಬಂತು, ಸಂತೋಷ. ಆದರೆ ರೊಕ್ಕದ ಹಿಂದೆ ಮೂರು ರೋಗ ಬಂದವು. 25 ದಿನದ ಮರಿಯನ್ನೇ ತಾಯಿಯಿಂದ ಬಿಡಿಸಿ ಮಾರುವುದು ಒಂದು. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿ ತಾಯಿಯನ್ನು ಎಲುಬು ಮಾಡುವುದು ಇನ್ನೊಂದು. ಮೂರನೆಯದು, ದಲ್ಲಾಳಿಗಳ ಮಾತು ಕೇಳಿ ಎತ್ತರ ಬರಲೆಂದು ಹೊರಗಿನ ಗ್ರೇಹೌಂಡ್ ಜಾತಿಯ ಗಂಡು ಕೂಡಿಸುವುದು. ಆ ಮರಿ ಚಂದ ಕಾಣುತ್ತದೆ, ಬೇಗ ಹೋಗುತ್ತದೆ. ಆದರೆ ನಮ್ಮ ಬೇಸಿಗೆ ಬಿಸಿಲಿಗೆ ತಡೆದೀತೆ, ನುಚ್ಚು ಮಜ್ಜಿಗೆಯಲ್ಲಿ ಬಾಳೀತೆ ಎಂದು ಕೇಳುವವರಿಲ್ಲ. ಹಿಂದೆ ಯಾವ ನಾಯಿಯಿಂದ ಮರಿ ಹಾಕಿಸಬೇಕು ಎಂದು ಹೇಳುತ್ತಿದ್ದದ್ದು ಮೊಲ. ಓಡಿದ್ದು ಉಳಿಯಿತು, ಓಡದ್ದು ಹಿಂದೆ ಬಿತ್ತು. ಮೊಲ ಲಂಚ ತಿನ್ನುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಆ ಪರೀಕ್ಷೆ ನಿಂತ ಮೇಲೆ ಮೊಬೈಲಿನ ಫೋಟೊ ಪರೀಕ್ಷಕ ಆಗಿದೆ. ಇನ್ನು 20-30 ವರ್ಷ ಹೀಗೇ ನಡೆದರೆ ಮುಧೋಳ ಎಂಬ ಹೆಸರು ಉಳಿದೀತು, ಒಳಗೆ ನಾಯಿ ಬೇರೆ ಇದ್ದೀತು. ಅಂದು ಕೊಳ್ಳುವವರೂ ಬರುವುದಿಲ್ಲ, ಕಂತು ತುಂಬುವುದೂ ಆಗುವುದಿಲ್ಲ.

ಬೇಟೆ ಬೇಡ, ಬೇಟೆ ನಾಯಿಯ ಸಾಕಣೆ ಇರಲಿ. ಅದಕ್ಕೆ ಮೊಲವೇ ಬೇಕಾಗಿಲ್ಲ. ಚರ್ಮದ ಬದಲು ಒಂದು ಗೋಣಿಯ ಚಿಂದಿಯನ್ನು ಹಗ್ಗಕ್ಕೆ ಕಟ್ಟಿ ಎಳೆದರೂ ಮರಿ ಅಷ್ಟೇ ಹುರುಪಿನಿಂದ ಓಡುತ್ತದೆ. ಕಬ್ಬು ಕಡಿದ ಹೊಲದಲ್ಲಿ ಸೈಕಲ್ಲಿನ ಗಾಲಿಗೆ ಹಗ್ಗ ಸುತ್ತಿ ಚಿಂದಿ ಎಳೆಸಿ ನಮ್ಮ ಓಣಿಯ ಹುಡುಗರು ಮಾಡಿ ತೋರಿಸಿದ್ದಾರೆ. ವರ್ಷಕ್ಕೊಮ್ಮೆ ಊರಿನ ಎಲ್ಲ ನಾಯಿಗಳನ್ನು ಹೀಗೆ ಓಡಿಸಿ, ತಿರುವಿನಲ್ಲಿ ಜಾರದ, ಕರೆದರೆ ತಿರುಗುವ, ಕುರಿ ಮುಟ್ಟದ ನಾಯಿ ಯಾವುದು ಎಂದು ನಾಲ್ಕು ಹಿರಿಯರು ಕೂತು ಹೇಳಿದರೆ ಮರಿ ಹಾಕಿಸಲು ಅದನ್ನು ಆರಿಸಬಹುದು.

ಇದರ ಜೊತೆ ಸಂಘದಲ್ಲಿ ಒಂದು ಮರಿ ಪುಸ್ತಕ ಇಡಬೇಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ನಾವು ವಿಷಯ ಇಟ್ಟಿದ್ದೇವೆ. ತಾಯಿ ಯಾವುದು, ತಂದೆ ಯಾವುದು, ಎಂದು ಹುಟ್ಟಿದವು, ಎಷ್ಟು ಉಳಿದವು, ಯಾವ ಊರಿಗೆ ಹೋದವು, ಇಷ್ಟೇ ಕಾಲಂ. 45 ದಿನ ತುಂಬದ ಮರಿಗೆ, ಲಸಿಕೆ ಆಗದ ಮರಿಗೆ ಸಂಘದ ಚೀಟಿ ಇಲ್ಲ. ವಿರೋಧವೂ ಬಂದಿದೆ. ಸಂಘ ಇರುವುದು ಗೊಬ್ಬರ ಬೀಜಕ್ಕೆ, ನಾಯಿ ಲೆಕ್ಕ ಬರೆಯಲಿಕ್ಕಲ್ಲ ಎಂದು ನಮ್ಮ ಜೊತೆಯ ನಿರ್ದೇಶಕರೊಬ್ಬರು ಎದ್ದು ಹೇಳಿದರು. ಅವರ ಮಾತಿನಲ್ಲೂ ಅರ್ಥ ಇದೆ, ನಮ್ಮ ಸೆಕ್ರೆಟರಿಯವರಿಗೆ ಈಗಿರುವ ದಫ್ತರವೇ ಹೆಚ್ಚಾಗಿದೆ. ಪುಸ್ತಕ ಬರೆಯುವ ಕೆಲಸ ನಾವೇ ಮಾಡುತ್ತೇವೆ ಎಂದು ಒಪ್ಪಿಕೊಂಡಿದ್ದೇವೆ. ಬರುವ ಸರ್ವಸಾಧಾರಣ ಸಭೆಯ ವಿಷಯಪತ್ರಿಕೆಯಲ್ಲಿ ಇದು ಬರಲಿದೆ. ಮನೆಯಲ್ಲಿ ಹೆಣ್ಣು ನಾಯಿ ಇರುವ ಸದಸ್ಯರು ಅಂದು ತಪ್ಪದೆ ಬರಬೇಕು, ಬರುವಾಗ ಮನೆಯ ಹೆಣ್ಣುಮಕ್ಕಳನ್ನೂ ಕರೆತರಬೇಕು. ಯಾವ ಮರಿ ಯಾವ ತಾಯಿಯದು ಎಂದು ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.